ಆರಿದ್ರಾ ಮಳೆಯಲ್ಲಿ ಜಪಾನಿನ ಅರಮನೆ, ಕೋಟೆ: ಎರಡು ದಿನದ ಗೈಡ್ ಟೂರ್ ಹೇಗಿತ್ತು

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಮಾವನವರ ಕಾಲದ ಹಂಚಿನ ಮನೆ. ಮಗಳು ಒಸಾಕಾದಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು. "ಅಮ್ಮ, ಅಪ್ಪಯ್ಯನನ್ನು ಕರೆದುಕೊಂಡು ಬಾ" ಅಂತ ಪ್ರತಿ ಫೋನಿನಲ್ಲೂ ಹೇಳುತ್ತಿದ್ದಳು. ಅವಳಿಗೆ ರಜೆ ಸಿಕ್ಕಿದ್ದು ಜೂನ್ ಕೊನೆಗೆ. ಅಂದರೆ ಇಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಸುವ ಹೊತ್ತು. ತೋಟವನ್ನು ಮೈದುನನಿಗೆ ಒಪ್ಪಿಸಿ ನಮ್ಮನೆಯವರನ್ನು ಹೊರಡಿಸುವಷ್ಟರಲ್ಲಿ ನನಗೆ ಸಾಕಾಗಿತ್ತು.

ಅಲ್ಲಿ ಇಳಿದರೆ ಅಲ್ಲೂ ಮಳೆ. ಜೂನ್ ಮೊದಲ ಭಾಗದಿಂದ ಜುಲೈ ಮಧ್ಯದವರೆಗೆ ಅವರ ಮಳೆಗಾಲ, ಅದಕ್ಕೆ ತ್ಸುಯು ಅಂತಾರೆ. ಬರೆಯುವ ಅಕ್ಷರಗಳ ಅರ್ಥ "ಪ್ಲಮ್ ಹಣ್ಣಿನ ಮಳೆ" ಅಂತೆ, ಆ ಹಣ್ಣು ಮಾಗುವ ಕಾಲವಾದ್ದರಿಂದ. ನಾವು ಮಳೆಗೆ ನಕ್ಷತ್ರದ ಹೆಸರು ಇಡುತ್ತೇವೆ, ಅವರು ಹಣ್ಣಿನ ಹೆಸರು ಇಟ್ಟಿದ್ದಾರೆ. ಅಲ್ಲಿ ಪ್ಲಮ್ ಮಳೆ ಸುರಿಯುವಾಗ ಇಲ್ಲಿ ಆರಿದ್ರಾ ಹುಟ್ಟಿತ್ತು. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟುವ ಮಳೆ ನೋಡಿದವರಿಗೆ ಕ್ಯೋತೋದ ಮಳೆ ಜಾಸ್ತಿ ಅನ್ನಿಸುವುದಿಲ್ಲ. ಆದರೆ ಬಿಡುವುದೂ ಇಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಸಮ ಜಿಟಿಜಿಟಿ.

ಮಗಳು ಮೊದಲೇ ಎರಡು ದಿನದ ಗೈಡ್ ಟೂರ್ ಬುಕ್ ಮಾಡಿದ್ದಳು. ಮೊದಲ ದಿನ ಕ್ಯೋತೋದಲ್ಲಿ ನಿಜೋ ಕೋಟೆ ಮತ್ತು ಚಕ್ರವರ್ತಿಯ ಹಳೆಯ ಅರಮನೆ, ಎರಡನೆಯ ದಿನ ಹಿಮೆಜಿ ಕೋಟೆ. ನಮ್ಮಿಬ್ಬರಿಗೆ ನಮ್ಮ ದುಡ್ಡಲ್ಲಿ ಸುಮಾರು 32 ಸಾವಿರ. ಮಳೆ ನೋಡಿ ಕ್ಯಾನ್ಸಲ್ ಮಾಡೋಣವಾ ಅಂತ ಹಿಂದಿನ ರಾತ್ರಿ ಅವಳು ಕೇಳಿದಳು. "ಮಳೆ ಅಂತ ಮನೆಯಲ್ಲಿ ಕೂರುವುದಾದರೆ ಇಲ್ಲಿಗ್ಯಾಕೆ ಬರಬೇಕಿತ್ತು?" ಅಂದರು ಇವರು. ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಬಿಸಿಲಿನಲ್ಲಿ ಹೋಗಿದ್ದರೆ ಆ ಕಟ್ಟಡಗಳನ್ನು ನಾವು ಅರ್ಧವೂ ನೋಡುತ್ತಿರಲಿಲ್ಲ.

ಅದಕ್ಕೆ ಕಾರಣ ನಮ್ಮ ಗೈಡ್. ಅರವತ್ತರ ಹತ್ತಿರದ ಹೆಂಗಸು. ನಿಧಾನವಾಗಿ, ಬಿಡಿಸಿ ಬಿಡಿಸಿ ಇಂಗ್ಲಿಷ್ ಮಾತಾಡುವವರು. ಹೈಸ್ಕೂಲ್ ಇಂಗ್ಲಿಷ್ ಗೊತ್ತಿದ್ದರೆ ಸಾಕು, ಎಲ್ಲ ತಿಳಿಯುತ್ತದೆ. ಒಟ್ಟು ಒಂಬತ್ತು ಜನ ಇದ್ದೆವು. ಅವರು ಮೊದಲು ಮಾಡಿದ ಕೆಲಸ ಏನು ಗೊತ್ತಾ? ನಮ್ಮೆಲ್ಲರನ್ನೂ ಒಂದು ಚಿಕ್ಕ ಅಂಗಡಿಗೆ ಕರೆದುಕೊಂಡು ಹೋಗಿ ಬಿಳಿ ಪ್ಲಾಸ್ಟಿಕ್ಕಿನ ಕೊಡೆ ಕೊಡಿಸಿದರು. ಆಚೆ ಬದಿ ಪೂರ್ತಿ ಕಾಣುವ ಕೊಡೆ. ನಾನು ತೀರ್ಥಹಳ್ಳಿಯಿಂದ ಒಯ್ದ ದೊಡ್ಡ ಕಪ್ಪು ಕೊಡೆ ನೋಡಿ, "ಇದು ಗಟ್ಟಿ ಇದೆ, ಆದರೆ ಇವತ್ತು ನೀವು ಮೇಲೆ ನೋಡಬೇಕು" ಅಂದರು. ಎರಡು ದಿನವೂ ನಾವು ಆ ಕೊಡೆಯ ಒಳಗಿನಿಂದ ಮೇಲೆ ನೋಡುತ್ತಲೇ ಇದ್ದೆವು. ಮಾಡು, ಸೂರು, ಸೂರಿನಿಂದ ಇಳಿಯುವ ನೀರು.

ನಿಜೋ ಕೋಟೆ ಕಟ್ಟಿಸಲು ಶುರುಮಾಡಿದ್ದು ತೊಕುಗವಾ ಮನೆತನದ ಮೊದಲ ಶೋಗನ್ ಇಎಯಾಸು (ಶೋಗನ್ ಅಂದರೆ ಚಕ್ರವರ್ತಿಯ ಹೆಸರಿನಲ್ಲಿ ದೇಶ ಆಳುತ್ತಿದ್ದ ಸೇನಾಧಿಪತಿ), 1603ರಲ್ಲಿ ಮುಖ್ಯ ಕಟ್ಟಡ ಸಿದ್ಧವಾಯಿತು. ಮೊಮ್ಮಗ ಇಎಮಿತ್ಸು ಕಾಲದಲ್ಲಿ, 1626ರಲ್ಲಿ ಚಕ್ರವರ್ತಿ ಬರುತ್ತಾರೆ ಅಂತ ಇನ್ನಷ್ಟು ದೊಡ್ಡದು ಮಾಡಿದರು. ಒಳಗಿನ ನಿನೊಮಾರು ಅರಮನೆ ಪೂರ್ತಿ ಮರದ್ದು. ಒಂದಕ್ಕೊಂದು ಸೇರಿದ ಆರು ಕಟ್ಟಡ, 33 ಕೋಣೆ, 800ಕ್ಕಿಂತ ಜಾಸ್ತಿ ತತಾಮಿ ಚಾಪೆ. ಕೊಡೆಯನ್ನು ಹೊರಗಿನ ಸ್ಟ್ಯಾಂಡಿನಲ್ಲಿ ಸಿಕ್ಕಿಸಿ, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಫೋಟೋ ತೆಗೆಯುವ ಹಾಗಿಲ್ಲ. ಒದ್ದೆ ಕಾಲುಚೀಲದಲ್ಲಿ ಒಳಗೆ ಹೋಗಬೇಡಿ ಅಂತ ಗೈಡ್ ತಮ್ಮ ಚೀಲದಿಂದ ಒಣ ಕಾಲುಚೀಲ ತೆಗೆದು ಕೊಟ್ಟರು. ಒಂಬತ್ತು ಜನರಿಗೂ ಇತ್ತು. ನಾನೂರು ವರ್ಷದ ಹಲಗೆಯ ಮೇಲೆ ನೀರು ಬೀಳಬಾರದು, ನಮ್ಮ ಕಾಲೂ ತಣ್ಣಗಾಗಬಾರದು, ಎರಡನ್ನೂ ಅವರು ಯೋಚಿಸಿದ್ದರು.

ಮೊಗಸಾಲೆಯಲ್ಲಿ ಕಾಲಿಟ್ಟರೆ ನೆಲ ಚಿಂವ್ ಚಿಂವ್ ಅನ್ನುತ್ತದೆ. ಅದಕ್ಕೆ ಹಕ್ಕಿ ನೆಲ ಅಂತಲೇ ಹೆಸರು. ಜಪಾನಿ ಭಾಷೆಯಲ್ಲಿ ಉಗುಯಿಸುಬಾರಿ. ಕಳ್ಳರು, ಕೊಲೆಗಾರರು ಬಂದರೆ ಗೊತ್ತಾಗಲಿ ಅಂತ ಬೇಕೆಂದೇ ಹಾಗೆ ಮಾಡಿದ್ದು ಎನ್ನುವ ಕಥೆಯನ್ನು ಮಗಳೂ ಹೇಳಿದ್ದಳು. ಗೈಡ್ ನಮ್ಮನ್ನೆಲ್ಲ ನಿಲ್ಲಿಸಿ, ಒಬ್ಬರನ್ನು ಮಾತ್ರ ನಡೆಸಿದರು. ಹೊರಗೆ ಮಳೆಯ ಸದ್ದು, ಒಳಗೆ ಒಬ್ಬರ ಹೆಜ್ಜೆಗೆ ಹತ್ತು ಗುಬ್ಬಿ ಕೂಗಿದ ಹಾಗೆ. ಆಮೇಲೆ ಹೇಳಿದರು: ಹಲಗೆಯ ಅಡಿಯಲ್ಲಿ ಕಬ್ಬಿಣದ ಕೊಂಡಿ ಇದೆ, ಅದರಲ್ಲಿ ಮೊಳೆ ಇದೆ. ಕಾಲಿಟ್ಟಾಗ ಹಲಗೆ ಕುಸಿದು ಮೊಳೆ ಕೊಂಡಿಗೆ ಉಜ್ಜುತ್ತದೆ. ಹಳತಾಗಿ ಸಡಿಲವಾದ್ದಕ್ಕೆ ಬರುವ ಸದ್ದು, ಬೇಕೆಂದು ಮಾಡಿದ್ದಲ್ಲ. ಕೋಟೆಯವರು ಬರೆದು ಹಾಕಿರುವುದೂ ಹಾಗೇ. ಜನ ಇಷ್ಟಪಡುವ ಕಥೆಯನ್ನೇ ಹೇಳಿ ಮುಂದೆ ಹೋಗುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಅಲ್ಲಿಂದ ಮುಂದೆ ಅವರು ಹೇಳಿದ ಪ್ರತಿ ಮಾತನ್ನೂ ನಾನು ನಂಬಿದೆ.

ಬಂದವರನ್ನು ಕೂರಿಸುತ್ತಿದ್ದ ಕೋಣೆಗಳಲ್ಲಿ ಚಿನ್ನದ ಹಾಳೆಯ ಮೇಲೆ ಹುಲಿ, ಚಿರತೆ ಬರೆದಿದ್ದಾರೆ. ಕಾನೋ ಮನೆತನದ ಕಲಾವಿದರ ಕೆಲಸ. ಈಗ ಗೋಡೆಯಲ್ಲಿ ಇರುವುದರಲ್ಲಿ ಬಹಳಷ್ಟು ನಕಲು, ಮೂಲ ಚಿತ್ರಗಳನ್ನು ಬೇರೆ ಕಟ್ಟಡದಲ್ಲಿ ಕಾಪಾಡಿದ್ದಾರೆ. ಜಪಾನಿನಲ್ಲಿ ಹುಲಿ ಇಲ್ಲ. ಆ ಕಲಾವಿದರು ನೋಡಿದ್ದು ಬರೀ ಚರ್ಮ. ಚಿರತೆಯೆಂದರೆ ಹೆಣ್ಣು ಹುಲಿ ಅಂತ ತಿಳಿದಿದ್ದರಂತೆ. ತ್ಯಾವರೆಕೊಪ್ಪದಲ್ಲಿ ಹುಲಿ ನೋಡಿ ಬೆಳೆದ ನನ್ನ ಮಗಳು ಆ ಗೋಡೆ ಮುಂದೆ ಬಹಳ ಹೊತ್ತು ನಿಂತಳು. ಇದೇ ಅರಮನೆಯಲ್ಲಿ 1867ರಲ್ಲಿ ಕೊನೆಯ ಶೋಗನ್ ತೊಕುಗವಾ ಯೊಶಿನೊಬು ಅಧಿಕಾರವನ್ನು ಚಕ್ರವರ್ತಿಗೆ ಬಿಟ್ಟುಕೊಡುವುದಾಗಿ ತಿಳಿಸಿದ್ದು. ಈ ಕೋಟೆಗೂ ಎತ್ತರದ ಗೋಪುರ ಇತ್ತು, 1750ರಲ್ಲಿ ಸಿಡಿಲು ಬಡಿದು ಸುಟ್ಟು ಹೋಯಿತು. ಈಗ ಕಲ್ಲಿನ ಕಟ್ಟೆ ಮಾತ್ರ ಇದೆ. ಮಳೆಯಲ್ಲೇ ಅದರ ಮೇಲೆ ಹತ್ತಿ ಬಂದೆವು.

ಮಧ್ಯಾಹ್ನದ ಊಟದ ವಿಷಯ ಇಲ್ಲಿ ಹೇಳಿಬಿಡುತ್ತೇನೆ. ಬುಕ್ ಮಾಡುವಾಗ ನಾವು ಸಸ್ಯಾಹಾರ ಅಂತ ಬರೆದಿದ್ದೆವು. ಟೂರ್ ಕಂಪನಿಯವರು ಆಗಬಹುದು ಅಂದಿದ್ದರು. ಆದರೆ ಬಂದ ಸಾರು ಒಣಮೀನು ಹಾಕಿ ಮಾಡಿದ್ದು. ಅಲ್ಲಿನ ಅಡಿಗೆಗೆ ದಾಶಿ ಅನ್ನುವ ಸಾರಿನ ನೀರೇ ಆಧಾರ, ಅದಕ್ಕೆ ಹೆಚ್ಚಾಗಿ ಕತ್ಸುವೊಬುಶಿ ಅನ್ನುವ ಒಣಮೀನು ಹಾಕುತ್ತಾರೆ. ಮಾಂಸದ ತುಂಡು ಇಲ್ಲದಿದ್ದರೆ ಸಸ್ಯಾಹಾರ ಅಂತ ಹೋಟೆಲಿನವರು ತಿಳಿದಿದ್ದರು. ಅವರ ತಪ್ಪಿಲ್ಲ, ಬಿಡಿಸಿ ಹೇಳದ ಕಂಪನಿಯ ತಪ್ಪು. ನಾವು ಬರೀ ಅನ್ನಕ್ಕೆ ಒಯ್ದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಕಲಸಿಕೊಂಡು ಉಂಡೆವು. ಗೈಡ್‌ಗೆ ಬಹಳ ಬೇಸರವಾಯಿತು. ಒಂದು ಚೀಟಿಯಲ್ಲಿ "ಮೀನು, ಮೀನಿನ ಸಾರು ಎರಡೂ ಬೇಡ, ಕೊಂಬು ಹಾಕಿದ ಸಾರು ಆಗುತ್ತದೆ" ಅಂತ ಅವರ ಅಕ್ಷರದಲ್ಲಿ ಬರೆದು ಕೊಟ್ಟರು. ಕೊಂಬು ಅಂದರೆ ಸಮುದ್ರದ ಪಾಚಿ. ಆ ಚೀಟಿಯನ್ನು ಉಳಿದ ಹತ್ತು ದಿನವೂ ಎಲ್ಲ ಕಡೆ ತೋರಿಸಿದೆವು. ಆ ರಾತ್ರಿ ನಾನ್ಜೆನ್‌ಜಿ ದೇವಾಲಯದ ಹತ್ತಿರ ಯುದೋಫು ತಿಂದೆವು. ಕೊಂಬು ಹಾಕಿದ ಬಿಸಿನೀರಿನಲ್ಲಿ ಕುದಿಸಿದ ತೋಫು. ಒದ್ದೆಯಾಗಿ ಬಂದವರಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ.

ಮಧ್ಯಾಹ್ನದ ಮೇಲೆ ಗೋಶೋ, ಅಂದರೆ ಚಕ್ರವರ್ತಿಯ ಅರಮನೆ. 1869ರಲ್ಲಿ ಚಕ್ರವರ್ತಿ ತೋಕ್ಯೋಗೆ ಹೋಗಿ ನೆಲೆಸುವವರೆಗೆ ಇದೇ ಅರಮನೆ. ಎಷ್ಟೋ ಸಲ ಸುಟ್ಟು, ಎಷ್ಟೋ ಸಲ ಕಟ್ಟಿದ್ದು. ಈಗ ಇರುವುದು 1855ರದ್ದು. ಒಳಗೆ ಬಿಡುವುದಿಲ್ಲ, ಅಂಗಳದಿಂದ ನೋಡಬೇಕು. ಮುಖ್ಯ ಕಟ್ಟಡ ಶಿಶಿಂದೆನ್, ಪಟ್ಟಾಭಿಷೇಕ ನಡೆಯುತ್ತಿದ್ದ ಸಭಾಂಗಣ. ಎದುರಿಗೆ ಬಿಳಿ ಜಲ್ಲಿಯ ದೊಡ್ಡ ಅಂಗಳ. ಮಳೆ ಬಿದ್ದು ಇಡೀ ಅಂಗಳ ಹೊಳೆಯುತ್ತಿತ್ತು.

ಗೈಡ್ ಮಾತು ನಿಲ್ಲಿಸಿ ಮೇಲೆ ಬೊಟ್ಟು ಮಾಡಿದರು. ಆ ಮಾಡಿಗೆ ಹಂಚಿಲ್ಲ. ಮರದ ತೊಗಟೆ! ಹಿನೋಕಿ ಅನ್ನುವ ಮರದ ತೊಗಟೆಯನ್ನು ತೆಳುವಾಗಿ ಸುಲಿದು, ಒಂದರ ಮೇಲೆ ಒಂದು ಹೊದಿಸಿ, ಬಿದಿರಿನ ಮೊಳೆ ಹೊಡೆದಿದ್ದಾರೆ. ಸೂರಿನ ಅಂಚಿನಲ್ಲಿ ಆ ಪದರಗಳನ್ನು ಕತ್ತರಿಸಿದ್ದು ಕಾಣುತ್ತದೆ, ಹಳೆಯ ಪುಸ್ತಕವನ್ನು ಬದಿಯಿಂದ ನೋಡಿದ ಹಾಗೆ. ದಪ್ಪ ಅಂದರೆ ದಪ್ಪ. ನೀರು ಆ ಅಂಚಿಗೆ ಬಂದು, ಸಣ್ಣ ಸಣ್ಣ ದಾರವಾಗಿ ಇಳಿಯುತ್ತಿತ್ತು. ಹಂಚಿನ ಮನೆಯಲ್ಲಿ ನೀರು ಒಂದೊಂದು ಸಾಲಿನಿಂದ ಧಾರೆಯಾಗಿ ಬೀಳುತ್ತದೆ, ಅಲ್ವಾ? ಇದು ಹಾಗಲ್ಲ. ಇಡೀ ಸೂರು ಮೆಲ್ಲಗೆ ಬೆವರಿದ ಹಾಗೆ.

ನಮ್ಮನೆಯವರಿಗೆ ಆಗ ಮಾತು ಬಂತು. ಮರ ಕಡಿದು ತೊಗಟೆ ತೆಗೆಯುತ್ತಾರಾ ಅಂತ ಕೇಳಿದರು. ಇಲ್ಲ. ನಿಂತ ಮರದಿಂದಲೇ ಸುಲಿಯುತ್ತಾರೆ. ಮರಕ್ಕೆ ಎಪ್ಪತ್ತು ವರ್ಷವಾದರೂ ಆಗಿರಬೇಕು. ಒಳಪದರಕ್ಕೆ ಗಾಯವಾಗದ ಹಾಗೆ, ಮರದ ಚಪ್ಪಟೆ ಉಪಕರಣದಿಂದ ಎಬ್ಬಿಸಿ ಎಳೆಯುತ್ತಾರೆ. ಮರ ಸಾಯುವುದಿಲ್ಲ. ಎಂಟು ಹತ್ತು ವರ್ಷಕ್ಕೆ ಹೊಸ ತೊಗಟೆ ಬಂದಿರುತ್ತದೆ, ಮತ್ತೆ ಸುಲಿಯಬಹುದು. ಮಾಡು ಮೂವತ್ತು ನಲವತ್ತು ವರ್ಷ ಬಾಳುತ್ತದೆ, ಆಮೇಲೆ ಬಿಚ್ಚಿ ಹೊಸದು ಹೊದಿಸಬೇಕು. ಇಂಥ ಮರದ ಕಟ್ಟಡ ಕಾಪಾಡುವ ಕಸುಬುಗಳನ್ನು 2020ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿದೆ. ಕಟ್ಟಡವನ್ನಲ್ಲ, ಕಸುಬನ್ನು. ಇದನ್ನು ಕೇಳಿ ನನಗೆ ಬಹಳ ಖುಷಿಯಾಯಿತು. ನಮ್ಮಲ್ಲಿ ಸೋಗೆ ಹೊದಿಸುವವರು ಒಂದು ಊರಿಗೆ ಒಬ್ಬರೂ ಉಳಿದಿಲ್ಲ. ಹಂಚು ಕೈಯಾಡಿಸುವವರಿಗೆ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಅದು ಕಸುಬು ಅಂತ ನಾವು ಎಲ್ಲಿ ಲೆಕ್ಕಕ್ಕೆ ಹಿಡಿದೆವು?

ಗೋಶೋಗೆ ಟೂರಿನಲ್ಲಿ ಇಟ್ಟಿದ್ದು ಬರೀ ನಲವತ್ತು ನಿಮಿಷ. ಸಾಲದು, ಒಂದೂವರೆ ಗಂಟೆಯಾದರೂ ಬೇಕು. ಕಿವಿಗೆ ಹಾಕಲು ಕೊಟ್ಟಿದ್ದ ಯಂತ್ರ ನೀರು ತಾಗಿ ಅಲ್ಲೇ ಕೆಟ್ಟಿತು. ಕಂಪನಿ ಕೊಟ್ಟ ತೆಳು ರೈನ್‌ಕೋಟ್ ಹಾಕಿಕೊಳ್ಳುವಾಗಲೇ ತೋಳಿನಲ್ಲಿ ಹರಿಯಿತು. ಮಳೆಗಾಲದಲ್ಲಿ ಟೂರ್ ನಡೆಸುವವರು ಇವೆರಡನ್ನು ಸರಿಮಾಡಿಕೊಳ್ಳಲೇಬೇಕು.

ಎರಡನೆಯ ದಿನ ಒಸಾಕಾದಿಂದ ರೈಲಿನಲ್ಲಿ ಹಿಮೆಜಿಗೆ. ಮಾಮೂಲಿ ವೇಗದ ರೈಲಿನಲ್ಲಿ ಒಂದು ಗಂಟೆ. ಸ್ಟೇಷನ್ನಿನಿಂದ ಹೊರಗೆ ಬಂದರೆ ನೇರ ರಸ್ತೆ, ಅದರ ಕೊನೆಗೆ ಕೋಟೆ. ಸುಮಾರು ಒಂದು ಕಿಲೋಮೀಟರ್. ಮಳೆಯ ಮಬ್ಬಿನಲ್ಲಿ ಕೋಟೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಅದಕ್ಕೆ ಬೆಳ್ಳಕ್ಕಿ ಕೋಟೆ ಅಂತ ಹೆಸರಿದೆ. ನಮ್ಮ ಗದ್ದೆಯಲ್ಲಿ ನೆಟ್ಟಿ ಹೊತ್ತಿಗೆ ಬಂದು ಕೂರುತ್ತವಲ್ಲ, ಅದೇ ಬಿಳುಪು.

ಇಎಯಾಸುವಿನ ಅಳಿಯ ಇಕೆದಾ ತೆರುಮಾಸಾ 1601ರಿಂದ 1609ರವರೆಗೆ ಕಟ್ಟಿಸಿದ್ದು ಈಗ ಕಾಣುವ ಮುಖ್ಯ ಗೋಪುರ. ಹೊರಗಿನಿಂದ ಐದು ಅಂತಸ್ತಿನ ಹಾಗೆ ಕಾಣುತ್ತದೆ, ಒಳಗೆ ಆರು, ಕೆಳಗೆ ನೆಲಮಾಳಿಗೆ ಬೇರೆ. ಅಷ್ಟೂ ಮರದ ಕಟ್ಟಡ. 1945ರಲ್ಲಿ ವಿಮಾನದಿಂದ ಬಾಂಬ್ ಸುರಿದು ಊರು ಸುಟ್ಟರೂ ಕೋಟೆ ಉಳಿಯಿತು. 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಜಪಾನಿನಿಂದ ಮೊದಲು ಸೇರಿದವುಗಳಲ್ಲಿ ಇದೂ ಒಂದು.

ಬಿಳುಪಿಗೆ ಕಾರಣ ಸುಣ್ಣ. ಗೈಡ್ ಅದರ ಗಾರೆಗೆ ಶಿಕ್ಕುಯಿ ಅಂದರು. ಸುಣ್ಣ, ಸೆಣಬಿನಂಥ ನಾರು, ಸಮುದ್ರದ ಪಾಚಿ ಬೇಯಿಸಿದ ಅಂಟು ಸೇರಿಸಿ ಕಲಸುವುದು. ಗೋಡೆಗೆ ಮಾತ್ರ ಅಲ್ಲ, ಮಾಡಿನ ಹಂಚಿನ ಸಂದುಗಳಿಗೂ ಅದನ್ನು ಮೆತ್ತಿದ್ದಾರೆ. ದೂರದಿಂದ ಮಾಡೂ ಬಿಳಿ ಕಾಣುವುದು ಅದಕ್ಕೇ. ಬೆಂಕಿಯೂ ತಡೆಯುತ್ತದೆ, ನೀರೂ ತಡೆಯುತ್ತದೆ. 2009ರಿಂದ 2015ರವರೆಗೆ ಇದನ್ನೆಲ್ಲ ಹೊಸದಾಗಿ ಮಾಡಿದರು. ಅಲ್ಲಲ್ಲಿ ಕಪ್ಪಾಗಿದ್ದನ್ನು ತೋರಿಸಿ ಒಬ್ಬರು ಅದೇನು ಅಂತ ಕೇಳಿದರು. "ಬೂಷ್ಟು" ಅಂತ ನಾನೂ ಇವರೂ ಒಟ್ಟಿಗೆ ಕನ್ನಡದಲ್ಲೇ ಹೇಳಿದೆವು. ಗೈಡ್ ಹೇಳಿದ್ದೂ ಅದನ್ನೇ, ತೇವಕ್ಕೆ ಬರುವ ಬೂಷ್ಟು. ಸುಣ್ಣ, ಮೈಲುತುತ್ತ ಬೆರೆಸಿ ಬೋರ್ಡೋ ದ್ರಾವಣ ಮಾಡಿ ನಲವತ್ತು ವರ್ಷ ತೋಟಕ್ಕೆ ಹೊಡೆಸಿದವರು ನಮ್ಮನೆಯವರು. ಸುಣ್ಣ ಎಷ್ಟು ದಿನ ನೆನೆಸುತ್ತಾರೆ, ಮಳೆಗಾಲದಲ್ಲಿ ಮೆತ್ತುತ್ತಾರಾ ಅಂತ ಒಂದಾದ ಮೇಲೊಂದು ಕೇಳಿದರು. ಮಗಳು ಜಪಾನಿಗೆ ತಿರುಗಿಸಿ ತಿರುಗಿಸಿ ಸುಸ್ತಾದಳು. ಗೈಡ್ ಒಂದಕ್ಕೂ ಬೇಸರಿಸಲಿಲ್ಲ.

ಆಮೇಲೆ ತೋರಿಸಿದ್ದು ಹಂಚು. ಈ ಟೂರಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಒಂದು ತಗ್ಗಿನ ಬಾಗಿಲಿನ ಸೂರಿನ ಕೆಳಗೆ ನಿಲ್ಲಿಸಿದರು. ತಲೆಯ ಮೇಲೆ ಒಂದು ಮೊಳ ದೂರದಲ್ಲಿ ಸೂರಿನ ಅಂಚು. ಮುಚ್ಚು ಹಂಚಿನ ತುದಿಯಲ್ಲಿ ದುಂಡು ಬಿಲ್ಲೆ, ಅದರಲ್ಲಿ ಒಂದೊಂದು ಮನೆತನದ ಗುರುತು. ಇಕೆದಾ ಮನೆತನದ್ದು ಚಿಟ್ಟೆ. ಎರಡು ಬಿಲ್ಲೆಗಳ ನಡುವೆ, ನೀರು ಹರಿದು ಬರುವ ಹಂಚಿನ ತುದಿ ಕೆಳಗೆ ಬಾಗಿ ಮೂರು ಮೂಲೆಯ ಎಲೆಯಂತಿದೆ. ಆ ಎಲೆಯ ಮೊನೆ ನೆಲದ ಕಡೆ. ತೆಕಿಸುಯಿ ಹಂಚು, ಅಂದರೆ ನೀರು ತೊಟ್ಟಿಕ್ಕಿಸುವ ಹಂಚು. ಕೊರಿಯಾದ ಕಡೆಯಿಂದ ಬಂದ ಮಾದರಿ ಇದು. "ನೋಡಿ" ಅಂತ ಕೊಡೆಯ ತುದಿ ಎತ್ತಿ ಹಿಡಿದರು. ನೀರು ಹಂಚಿನ ಕಣಿವೆಯಲ್ಲಿ ಬಂತು, ಎಲೆಯ ಎರಡೂ ಬದಿಯಿಂದ ಮೊನೆಗೆ ಸೇರಿತು, ಅಲ್ಲಿ ದಪ್ಪಗಾಗಿ, ತಡೆದು, ಟಪ್ ಅಂತ ನೇರ ಕೆಳಗೆ ಬಿತ್ತು. ಹಿಂದಕ್ಕೆ ತಿರುಗಿ ಮರದ ಕಡೆ ಒಂದು ಹನಿಯೂ ಹೋಗಲಿಲ್ಲ. ಆ ಮೊನೆ ಇಲ್ಲದಿದ್ದರೆ ನೀರು ಹಂಚಿನ ಅಡಿಯಲ್ಲೇ ಹಿಂದೆ ಸರಿದು ರೀಪಿಗೆ, ಪಕಾಸಿಗೆ ಇಳಿಯುತ್ತದೆ. ನಮ್ಮ ಜಗಲಿಯ ಪಕಾಸಿ ತುದಿ ಕುಂಬಾಗುವುದು ಹಾಗೇ ತಾನೇ.

"ನೋಡು ಮಾರಾಯ್ತಿ" ಅಂದರು ಇವರು. ಮತ್ತೇನೂ ಹೇಳಲಿಲ್ಲ. ಉಳಿದವರು ಮುಂದೆ ಹೋದರೂ ಅಲ್ಲೇ ನಿಂತು ಇಪ್ಪತ್ತು ಮೂವತ್ತು ಹನಿ ಬೀಳುವುದನ್ನು ನೋಡಿದರು. ಬಿಸಿಲಿನಲ್ಲಿ ಆ ಹಂಚು ಸುಮ್ನೆ ಅಲಂಕಾರದ ಹಾಗೆ ಕಂಡಿರುತ್ತಿತ್ತು.

ಒಳಗೆ ಹೋಗುವಾಗ ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಯಲ್ಲೇ ಹಿಡಿದುಕೊಳ್ಳಬೇಕು. ಮೆಟ್ಟಿಲು ನಮ್ಮ ಅಟ್ಟದ ಏಣಿಯ ಹಾಗೆ ಕಡಿದು, ಹೊಳೆಯುವಷ್ಟು ನುಣುಪು. "ಸುಲಭದ ನಡಿಗೆ" ಅಂತ ಬುಕಿಂಗಿನಲ್ಲಿ ಬರೆದಿದ್ದು ಸರಿಯಲ್ಲ. ಮಂಡಿನೋವು ಇರುವವರಿಗೆ ಇದನ್ನು ಮೊದಲೇ ಹೇಳಬೇಕಿತ್ತು. ನಾನು ನಾಲ್ಕನೆಯ ಮಹಡಿಯಲ್ಲಿ ಕುಳಿತೆ, ಗೈಡ್ ನನ್ನ ಜೊತೆಗೇ ಇದ್ದು ಉಳಿದವರನ್ನು ಮಗಳ ಜೊತೆ ಮೇಲೆ ಕಳಿಸಿದರು. ಆಗ ಆ ಎರಡು ಮಹಾಕಂಬಗಳ ಕಥೆ ಹೇಳಿದರು. ಕೆಳಗಿನಿಂದ ಮೇಲಿನವರೆಗೆ ಸುಮಾರು 25 ಮೀಟರ್ ಎತ್ತರದ ಎರಡು ಕಂಬ ಇಡೀ ಗೋಪುರವನ್ನು ಹೊತ್ತಿವೆ. 1956ರಿಂದ 1964ರವರೆಗೆ ಗೋಪುರವನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದಾಗ ಪಶ್ಚಿಮದ ಕಂಬ ಹಾಳಾಗಿತ್ತು. ಅಷ್ಟು ಉದ್ದದ ಮರ ಹುಡುಕಿ ಕಾಡಿನಿಂದ ತರುವಾಗ ಮುರಿದು ಹೋಯಿತಂತೆ. ಕೊನೆಗೆ ಎರಡು ಮರ ಜೋಡಿಸಿ ನಿಲ್ಲಿಸಿದರು. ಆ ಕಂಬವನ್ನು ಮುಟ್ಟಿ ಬಂದೆ. ತಣ್ಣಗಿತ್ತು, ಆದರೆ ಒಂಚೂರೂ ತೇವ ಇರಲಿಲ್ಲ. ಹೊರಗೆ ಅಷ್ಟು ಮಳೆ.

ಅಲ್ಲಿ ಕೂತಾಗ ಕವಲೇದುರ್ಗ ನೆನಪಾಯಿತು. ನಮ್ಮ ಮನೆಯಿಂದ ದೂರವಿಲ್ಲ. ಕೆಳದಿ ಅರಸರ ಆ ಕೋಟೆಯಲ್ಲಿ ಕಲ್ಲಿನ ಗೋಡೆ ಇದೆ, ಕೊಳ ಇದೆ, ಅರಮನೆಯ ಅಡಿಪಾಯ ಇದೆ. ಮೇಲಿನ ಮಾಡು, ಮರ ಒಂದೂ ಇಲ್ಲ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿ ಮಾತ್ರ ಮರದ ಕಂಬ ನಿಂತಿವೆ. ಅಲ್ಲಿಗೆ ಶಾಲೆ ಮಕ್ಕಳನ್ನು ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ. ಒಂದು ಸಲವೂ ಮಕ್ಕಳಿಗೆ ಸೂರು ತೋರಿಸಲಿಲ್ಲ. ಇಸವಿ, ಅರಸರ ಹೆಸರು ಹೇಳಿಸಿ ವಾಪಸ್ ಕರೆತಂದೆ. ಈ ಸಲ ಮೊಮ್ಮಗನನ್ನು ಆರಿದ್ರಾ ಮಳೆಯಲ್ಲೇ ಕರೆದುಕೊಂಡು ಹೋಗಬೇಕು ಅಂತಿದ್ದೇನೆ.

ಕೊಟ್ಟ ದುಡ್ಡಿಗೆ ಮೋಸವಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ನಾಲ್ಕೂ ಗೈಡ್‌ಗೆ. ಕಳೆದ ಒಂದು ಅಂಕ ಆ ಊಟಕ್ಕೆ, ಹರಿದ ರೈನ್‌ಕೋಟಿಗೆ. ಊಟದ ಬಗ್ಗೆ ಮಗಳು ಕಂಪನಿಗೆ ಬರೆದಳು. ಕ್ಷಮೆ ಕೇಳಿ, ಊಟದ ದುಡ್ಡು ವಾಪಸ್ ಮಾಡಿದರು.

ಹೋಗುವವರಿಗೆ ಒಂದೆರಡು ಮಾತು. ಮಳೆಗಾಲದ ಟೂರ್ ಅಂತ ಹಿಂಜರಿಯಬೇಡಿ, ಜನವೂ ಕಡಿಮೆ ಇರುತ್ತಾರೆ. ಬಿಚ್ಚಿ ಹಾಕಲು ಸುಲಭವಾದ ಚಪ್ಪಲಿ, ಮೂರು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಕೊಡೆ ಇಲ್ಲಿಂದ ಒಯ್ಯಬೇಡಿ, ಅಲ್ಲೇ ಬಿಳಿ ಕೊಡೆ ತಗೊಳ್ಳಿ. ಗೋಶೋ ಸೋಮವಾರ ಮುಚ್ಚಿರುತ್ತದೆ, ದಿನ ನೋಡಿಕೊಂಡು ಬುಕ್ ಮಾಡಿ. ಹಿಮೆಜಿಯಲ್ಲಿ ಮೇಲೆ ಹತ್ತುವ ಆತುರದಲ್ಲಿ ಕೆಳಗಿನ ಬಾಗಿಲುಗಳನ್ನು ದಾಟಿಬಿಡಬೇಡಿ. ಹಂಚಿನ ಮೊನೆ ಕೈಗೆಟುಕುವಷ್ಟು ಹತ್ತಿರ ಕಾಣುವುದು ಅಲ್ಲೇ.

ನಮ್ಮ ಬಿಳಿ ಕೊಡೆ ಈಗ ಜಗಲಿಯ ಮೊಳೆಯಲ್ಲಿ ನೇತಾಡುತ್ತಿದೆ. ಊರಿಗೆ ಬಂದ ಮರುದಿನ ಇವರು ತೋಟಕ್ಕೆ ಹೋಗುವ ಮೊದಲು ಅದನ್ನು ಬಿಚ್ಚಿ ಹಿಡಿದು, ಮನೆಯ ಸುತ್ತ ಒಂದು ಸುತ್ತು ಬಂದು, ನೀರು ಹಿಂದೆ ಸರಿಯುವ ಏಳು ಪಕಾಸಿಗಳಿಗೆ ಸುಣ್ಣದಲ್ಲಿ ಗುರುತು ಹಾಕಿದರು.